ನೈರೋಬಿಯ ಬೇಲಿಯಿಲ್ಲದ ದಿಕ್ಕು

ಆಫ್ರಿಕಾಕ್ಕೆ ಹೋಗಿ ಬಂದವರನ್ನು ನಮ್ಮ ಜನ ಕೇಳುವ ಪ್ರಶ್ನೆ ಒಂದೇ: "ಸಿಂಹ ಎಷ್ಟು ಕಂಡಿರಿ?" ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾವು ಕಂಡದ್ದು ಒಂದು. ಅದೂ ಹೆಣ್ಣು ಸಿಂಹ, ಕೇಸರವಿಲ್ಲ, ಗರ್ಜನೆಯಿಲ್ಲ, ಹುಲ್ಲಿನಲ್ಲಿ ಮಲಗಿ ಆಕಳಿಸುತ್ತಿತ್ತು. ಇಷ್ಟರಿಂದಲೇ ತೃಪ್ತರಾಗುವ ವಾಚಕರು ಮುಂದಿನ ಲೇಖನಕ್ಕೆ ಹೋಗಬಹುದು. ಆದರೆ ಆ ಸಿಂಹಿಣಿಯ ಬೆನ್ನ ಹಿಂದೆ ಇಪ್ಪತ್ತು ಮೂವತ್ತು ಅಂತಸ್ತಿನ ಕಟ್ಟಡಗಳ ಸಾಲು ಕಾಣುತ್ತಿತ್ತೆಂಬುದನ್ನೂ, ಅದು ಮುಖಮಾಡಿಕೊಂಡಿದ್ದ ದಿಕ್ಕಿಗೆ ಬೇಲಿಯೇ ಇರಲಿಲ್ಲವೆಂಬುದನ್ನೂ ಹೇಳದೆ ಬಿಟ್ಟರೆ, ನಾವು ಕಂಡದ್ದರಲ್ಲಿ ಮುಕ್ಕಾಲು ಪಾಲನ್ನು ಬಿಟ್ಟಂತಾಗುತ್ತದೆ.

ನಮ್ಮ ಶ್ರೀಮತಿಯ ತಮ್ಮ ಕೆಲವು ವರ್ಷಗಳಿಂದ ನೈರೋಬಿಯಲ್ಲಿ ಉದ್ಯೋಗದಲ್ಲಿದ್ದಾನೆ. "ಭಾವ, ಒಂದು ಸಲ ಬಂದು ಹೋಗಿ" ಎಂದು ಪ್ರತಿ ಹಬ್ಬಕ್ಕೂ ಫೋನಿನಲ್ಲಿ ಕರೆಯುತ್ತಿದ್ದ. ೨೦೨೫ರ ದೀಪಾವಳಿ ರಜೆಯಲ್ಲಿ ಯೋಗ ಕೂಡಿಬಂತು. ಸರಕಾರಿ ಗುಮಾಸ್ತನಿಗೆ ಪರದೇಶ ಪ್ರಯಾಣವೆಂದರೆ ವಿಮಾನದ ಟಿಕೇಟಿಗಿಂತ ಮೊದಲು ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು; ಅದು ಮೂರು ಮೇಜುಗಳನ್ನು ದಾಟಿ ಬಂತು. ಅದಾದ ಮೇಲೆ ಹಳದಿ ಜ್ವರದ ಚುಚ್ಚುಮದ್ದು. ಕೆನ್ಯಾದಿಂದ ಮರಳುವವರು ಇದರ ಪ್ರಮಾಣಪತ್ರವನ್ನು ತೋರಿಸದಿದ್ದರೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲಿಯೇ ತಡೆದು ಪ್ರತ್ಯೇಕವಾಗಿ ಇರಿಸುತ್ತಾರೆ. ಚುಚ್ಚಿಸಿಕೊಂಡು ಹತ್ತು ದಿನ ಕಳೆದ ಮೇಲೆ ಮಾತ್ರ ಆ ಪತ್ರ ಊರ್ಜಿತವಾಗುವುದರಿಂದ, ಹೋಗಬೇಕೆಂದಿರುವ ಕುಟುಂಬಗಳು ಹೊರಡುವ ವಾರ ಓಡಾಡಿದರೆ ಪ್ರಯೋಜನವಿಲ್ಲ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆಲ್ಲ ಸಾಕು.

ಮಸಾಯ್ ಮಾರಾ ಎಂಬ ಹೆಸರಾಂತ ಬಯಲು ನೈರೋಬಿಯಿಂದ ಮೋಟಾರಿನಲ್ಲಿ ಐದಾರು ಗಂಟೆಯ ದಾರಿ. ಅಲ್ಲಿಯ ಬಿಡಾರಗಳ ಒಂದು ರಾತ್ರಿಯ ಬಾಡಿಗೆಯನ್ನು ಕೇಳಿ ತಿಳಿದುಕೊಂಡು, ರೂಪಾಯಿಗೆ ಪರಿವರ್ತಿಸಿ, ನಮ್ಮ ತಿಂಗಳ ಸಂಬಳದ ಪಕ್ಕದಲ್ಲಿ ಬರೆದು ನೋಡಿ, ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆವು. ಆಗ ಭಾವಮೈದುನನೇ ಹೇಳಿದ: "ಊರೊಳಗೇ ಒಂದು ಕಾಡಿದೆ, ಭಾವ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು." ನೈರೋಬಿ ರಾಷ್ಟ್ರೀಯ ಉದ್ಯಾನವೆಂದು ಅದರ ಹೆಸರು. ನಗರದ ನಡುಭಾಗದಿಂದ ಸುಮಾರು ೭ ಕಿಲೋಮೀಟರು. ವಿಸ್ತಾರ ೧೧೭ ಚದರ ಕಿಲೋಮೀಟರು. ಅಂಕಿಗಳನ್ನು ಕೇಳಿದೊಡನೆಯೇ ನಮಗೆ ನಮ್ಮ ಬೋರಿವಲಿಯ ನೆನಪಾಯಿತು. ನಮ್ಮ ಮನೆಯ ಗ್ಯಾಲರಿಯಿಂದ ಕಾಣುವ ಸಂಜಯ ಗಾಂಧಿ ಉದ್ಯಾನವೂ ೧೦೪ ಚದರ ಕಿಲೋಮೀಟರು. ಅಲ್ಲಿ ಚಿರತೆ, ಇಲ್ಲಿ ಸಿಂಹ. ಎರಡು ಕಡೆಯೂ ಸುತ್ತ ಮಹಾನಗರ.

ಸಫಾರಿ ಎಂಬ ಮಾತು ಇಂಗ್ಲಿಷಿನದೆಂದು ನಾವು ತಿಳಿದಿದ್ದೆವು. ಅದು ಸ್ವಾಹಿಲಿ ಭಾಷೆಯದು; ಅರ್ಥ, ಪ್ರಯಾಣ. ಮೂಲ ಅರಬ್ಬಿ. ಮುಂಬಯಿಯ ಲೋಕಲ್ ಗಾಡಿಯಲ್ಲಿ ದಿನವೂ ಕಿವಿಗೆ ಬೀಳುವ 'ಸಫರ್' ಕೂಡ ಅದೇ ಬೇರಿನಿಂದ ಬಂದದ್ದು. ಹಾಗೆ ನೋಡಿದರೆ ಬೋರಿವಲಿಯಿಂದ ಚರ್ಚ್‌ಗೇಟಿಗೆ ನಾವು ಪ್ರತಿದಿನ ಮಾಡುವುದೂ ಸಫಾರಿಯೇ.

ಬೆಳಗಿನ ಐದೂವರೆಗೆ ಹೊರಟೆವು. ಭೂಮಧ್ಯರೇಖೆಯ ಪಕ್ಕದ ಊರು, ಬೆವರಿನಲ್ಲಿ ಮೀಯಬೇಕಾದೀತೆಂದು ಎಣಿಸಿ ಮುಂಬಯಿಯಿಂದ ಹೊರಟವರಿಗೆ ಅಲ್ಲಿಯ ಚಳಿ ಅಚ್ಚರಿಯನ್ನುಂಟುಮಾಡುತ್ತದೆ. ನೈರೋಬಿ ಸಮುದ್ರಮಟ್ಟದಿಂದ ೧೬೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮಸಾಯ್ ಭಾಷೆಯಲ್ಲಿ ಆ ಹೆಸರಿಗೆ ತಣ್ಣೀರಿನ ತಾಣವೆಂದೇ ಅರ್ಥವಂತೆ. ಶಾಲು ಹೊದ್ದ ಶ್ರೀಮತಿಯ ತೊಡೆಯ ಮೇಲೆ ಒಗ್ಗರಣೆ ಅವಲಕ್ಕಿಯ ಸ್ಟೀಲಿನ ಡಬ್ಬಿ. ಪ್ಲಾಸ್ಟಿಕ್ಕಿನ ಬಾಟಲಿಯನ್ನು ಒಯ್ಯುವಂತಿಲ್ಲ; ೨೦೨೦ರಿಂದ ಕೆನ್ಯಾದ ಕಾಯ್ದಿಟ್ಟ ಕಾಡುಗಳಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ. ನಮ್ಮ ತಾಮ್ರದ ತಂಬಿಗೆಗೆ ಬಂದ ಮರ್ಯಾದೆಯನ್ನು ನೋಡಿ ಶ್ರೀಮತಿಗೆ ಬಹಳ ಸಂತೋಷವಾಯಿತು.

ನಮ್ಮ ವಾಹನ, ಮೇಲ್ಛಾವಣಿಯನ್ನು ಛತ್ರಿಯಂತೆ ಮೇಲಕ್ಕೆತ್ತಬಹುದಾದ ಒಂದು ವ್ಯಾನು. ಅದರ ಚಾಲಕ ಮೂವತ್ತೈದರ ಆಸುಪಾಸಿನ ಎತ್ತರದ ಮನುಷ್ಯ. ಕೈಗೆ ಬಣ್ಣಬಣ್ಣದ ಮಣಿಗಳ ಪಟ್ಟಿ, ಮೈಗೆ ದಪ್ಪ ಸ್ವೆಟರು. ಮಸಾಯಿ ಜನಾಂಗದವನು, ಮನೆ ಉದ್ಯಾನದ ದಕ್ಷಿಣಕ್ಕೆ, ಕಿಟೆಂಗೆಲಾ ಕಡೆ. ಗುಜರಾತಿ ವ್ಯಾಪಾರಿಗಳ ಮನೆಮಂದಿಯನ್ನು ಕರೆದೊಯ್ದು ಅಭ್ಯಾಸವಿದ್ದುದರಿಂದ ನಾಲ್ಕಾರು ಹಿಂದೀ ಮಾತು ಬರುತ್ತಿತ್ತು. ಅವನ ಸ್ವಾಹಿಲಿಯಲ್ಲಿಯೂ ನಮ್ಮ ಸಾಮಾನುಗಳು ಸಿಕ್ಕವು: ಗಾಡಿಗೆ 'ಗಾರಿ', ಅಂಗಡಿಗೆ 'ದೂಕಾ', ಚಪಾತಿಗೆ 'ಚಪಾತಿ'ಯೇ. ನಮ್ಮ ಒಂಬತ್ತು ವರ್ಷದ ಮಗಳು ದಾರಿಯುದ್ದಕ್ಕೂ ಇಂಥ ಮಾತುಗಳನ್ನು ಕೇಳಿ ಕೇಳಿ ಬರೆದುಕೊಂಡಳು.

ಒಳಹೊಕ್ಕ ಕೂಡಲೆ ಸ್ವಲ್ಪ ದೂರ ಕುರುಚಲು ಕಾಡು. ಅದನ್ನು ದಾಟಿ ದಿಣ್ಣೆಯ ಮೇಲೆ ಬರುತ್ತಲೂ ಬಯಲು ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಸಣ್ಣ ಮಳೆಗಾಲ ಇನ್ನೇನು ಹಿಡಿಯಬೇಕು. ಹುಲ್ಲೆಲ್ಲ ಕೊಯ್ಲಾದ ರಾಗಿ ಹೊಲದ ಬಣ್ಣ. ಅಲ್ಲಲ್ಲಿ ಛತ್ರಿಯಾಕಾರದ ಜಾಲಿಮರಗಳು. ಇಂಪಾಲ ಜಿಂಕೆಗಳ ಹಿಂಡು, 'ಕೊಂಗೋನಿ' ಎಂಬ ಉದ್ದ ಮೋರೆಯ ಒಂದು ಮೃಗ, ಕಾಡೆಮ್ಮೆಗಳು, ಎರಡು ಉಷ್ಟ್ರಪಕ್ಷಿ. ಝೀಬ್ರಾಕ್ಕೆ ಸ್ವಾಹಿಲಿಯಲ್ಲಿ 'ಪುಂಡಾ ಮಿಲಿಯಾ', ಅಂದರೆ ಪಟ್ಟೆಕತ್ತೆ. "ನಾವು ಅದನ್ನು ಕುದುರೆ ಮಾಡಿದ್ದೇವಲ್ಲಪ್ಪಾ!" ಎಂದು ಮಗಳಿಗೆ ನಗು.

ಜಿರಾಫೆಯ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ಮೂರು ಜಿರಾಫೆಗಳು ಜಾಲಿಯ ತುದಿಯನ್ನು ಮೇಯುತ್ತಿದ್ದವು. ಅವುಗಳ ಕತ್ತಿನ ಸಂದಿಯಲ್ಲಿ ನೈರೋಬಿಯ ಬ್ಯಾಂಕುಗಳೂ ಹೋಟೆಲುಗಳೂ ಕಾಣುತ್ತಿದ್ದವು. ತಲೆಯ ಮೇಲೆ ಪಕ್ಕದ ವಿಲ್ಸನ್ ವಿಮಾನ ನಿಲ್ದಾಣಕ್ಕೆ ಇಳಿಯುವ ಸಣ್ಣ ವಿಮಾನಗಳ ಸದ್ದು. ಜಿರಾಫೆಗಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಇಂಥ ಕಾಡನ್ನು ನೋಡಿ, ಇದು ನಿಜವಾದ ಕಾಡಲ್ಲವೆಂದು ಮೂಗು ಮುರಿಯುವವರಿದ್ದಾರೆ. ನಮಗೆ ಹಾಗನ್ನಿಸಲಿಲ್ಲ. ದೂರದ ಕಾಡು ತಾನಾಗಿ ಉಳಿದಿರಬಹುದು. ಇದನ್ನು ಯಾರೋ ಹಟ ಹಿಡಿದು ಉಳಿಸಿದ್ದಾರೆಂಬುದು ಪ್ರತಿ ನೋಟದಲ್ಲಿಯೂ ಕಾಣುತ್ತದೆ.

ಆ ಹಟದ ಕತೆಯೂ ಸ್ವಾರಸ್ಯವಾಗಿದೆ. ನೈರೋಬಿಯಲ್ಲಿಯೇ ಹುಟ್ಟಿದ ಮರ್ವಿನ್ ಕೌವಿ ಎಂಬ ಬಿಳಿಯ, ಈ ಬಯಲನ್ನು ಕಾಯ್ದಿಡಬೇಕೆಂದು ೧೯೩೦ರ ದಶಕದಲ್ಲಿ ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಆಗ ಆತ 'ಹಳೆಯ ವಲಸೆಗಾರ' ಎಂಬ ಮರೆಹೆಸರಿನಲ್ಲಿ ಪತ್ರಿಕೆಗೆ ಕಾಗದ ಬರೆದು, ಕಾಡುಮೃಗಗಳನ್ನೆಲ್ಲ ಕೊಂದು ಮುಗಿಸಿಬಿಡಬೇಕೆಂದು ವಾದಿಸಿದ. ಜನ ರೊಚ್ಚಿಗೆದ್ದರು; ಕೌವಿಗೆ ಬೇಕಾಗಿದ್ದುದೂ ಅದೇ. ಸಮಿತಿ ರಚಿತವಾಗಿ, ನಡುವೆ ಮಹಾಯುದ್ಧ ಕಳೆದು, ೧೯೪೬ರ ಡಿಸೆಂಬರಿನಲ್ಲಿ ಕೆನ್ಯಾದ ಪ್ರಥಮ ರಾಷ್ಟ್ರೀಯ ಉದ್ಯಾನವೆಂದು ಇದು ತೆರೆಯಿತು. ಆದರೆ ಅದೇ ಬಯಲಿನಲ್ಲಿ ದನ ಮೇಯಿಸಿಕೊಂಡಿದ್ದ ಮಸಾಯಿಗಳು ಅಲ್ಲಿಂದ ಏಳಬೇಕಾಯಿತು. ನಮ್ಮ ಚಾಲಕ ಇದನ್ನು ದೂರಿನಂತೆ ಹೇಳಲಿಲ್ಲ. ಗಾಡಿಯ ಗೇರು ಬದಲಿಸುತ್ತ, "ನನ್ನ ಅಜ್ಜ ಇಲ್ಲಿ ದನ ಮೇಯಿಸಿದವನು, ನಾನು ಇಲ್ಲಿಗೆ ಬರಲು ಟಿಕೇಟು ಕೊಳ್ಳುತ್ತೇನೆ" ಎಂದಷ್ಟೇ ಅಂದ.

ಮೊದಲು ಕಂಡ ದೊಡ್ಡ ಮೃಗ ಘೇಂಡಾಮೃಗ. ಇಲ್ಲಿ ಕರಿಯದೂ ಇದೆ, ಬಿಳಿಯದೂ ಇದೆ. ಎರಡರ ಬಣ್ಣವೂ ಬೂದಿಯೇ. ಗುರುತು ತುಟಿಯಲ್ಲಿ: ಬಿಳಿಯದರ ತುಟಿ ಹುಲ್ಲು ಮೇಯಲು ಚಪ್ಪಟೆ, ಕರಿಯದರದು ಸೊಪ್ಪು ಕೀಳಲು ಗಿಣಿಯ ಕೊಕ್ಕಿನಂತೆ ಮೊನಚು. ಪೊದೆಯ ಮರೆಯಲ್ಲಿದ್ದ ಕರಿಯ ಘೇಂಡಾಮೃಗವೊಂದು ಪೂರ್ತಿ ಹೊರಗೆ ಬರಲೆಂದು ಅರ್ಧ ಗಂಟೆ ಕಾದೆವು. ಅದು ಬರಲಿಲ್ಲ. ಕೊಂಬು, ಒಂದು ಕಿವಿ, ಮತ್ತು ಬಹಳಷ್ಟು ಬೆನ್ನು, ಇಷ್ಟನ್ನು ಕಂಡದ್ದಾಯಿತು.

ಅಲ್ಲಿಂದ ಮುಂದೆ ದಂತ ಸುಟ್ಟ ಜಾಗ. ಈ ಉದ್ಯಾನದಲ್ಲಿ ಕಾಡಾನೆಗಳಿಲ್ಲ. ಅಂಚಿನಲ್ಲಿ ತಾಯಿಯನ್ನು ಕಳೆದುಕೊಂಡ ಮರಿಗಳನ್ನು ಸಾಕುವ ಶೆಲ್ಡ್ರಿಕ್ ಸಂಸ್ಥೆಯ ಶಾಲೆಯಂಥ ಮನೆ ಮಾತ್ರ ಇದೆ. ಆದರೂ ಆನೆಗಳ ಚರಿತ್ರೆಯಲ್ಲಿ ಇದು ದೊಡ್ಡ ಜಾಗ. ೧೯೮೯ರ ಜುಲೈನಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ಕಳ್ಳಬೇಟೆಗಾರರಿಂದ ಹಿಡಿದ ೧೨ ಟನ್ ದಂತಕ್ಕೆ ಇಲ್ಲಿ ಬೆಂಕಿ ಕೊಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ತೀರ್ಮಾನವೂ ಆಯಿತು. ೨೦೧೬ರ ಏಪ್ರಿಲ್ ೩೦ರಂದು ಅಧ್ಯಕ್ಷ ಉಹುರು ಕೆನ್ಯಾಟಾ ಅವರ ಕಾಲದಲ್ಲಿ ಸುಟ್ಟದ್ದು ೧೦೫ ಟನ್. ದಂತ ಸುಲಭವಾಗಿ ಉರಿಯುವುದಿಲ್ಲ. ಇಂಧನವನ್ನು ಸುರಿದು ಸುರಿದು ಸುಡಬೇಕು. ಒಂದು ಮುರಿದ ಕುರ್ಚಿಯನ್ನು ದಾಸ್ತಾನು ಪುಸ್ತಕದಿಂದ ತೆಗೆದುಹಾಕಲು ಸಮಿತಿ, ಟಿಪ್ಪಣಿ, ಮೇಲಧಿಕಾರಿಯ ರುಜು ಎಂದು ವರ್ಷ ಕಳೆಯುವ ನಮ್ಮಂಥವರಿಗೆ, ೧೦೫ ಟನ್ ಬೆಲೆಬಾಳುವ ಮಾಲನ್ನು ಬೂದಿಯೆಂದು ಬರೆದುಕೊಂಡ ಆ ದಫ್ತರದ ಗುಮಾಸ್ತನ ಕೈ ನಡುಗಿರಬೇಕು ಎನ್ನಿಸಿತು.

ಶ್ರೀಮತಿ ಮಾತ್ರ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ, "ನಮ್ಮಜ್ಜಿಯ ಕುಂಕುಮದ ಪೆಟ್ಟಿಗೆ ನೆನಪಾಯ್ತು ಕಣ್ರೀ" ಎಂದರು. ಮೈಸೂರಿನ ಬೀಟೆಮರದ ಪೆಟ್ಟಿಗೆ. ಮುಚ್ಚಳದ ಮೇಲೆ ದಂತದಲ್ಲಿ ಕೂರಿಸಿದ ಆನೆ. ಹಿಂದೆ ಪೂರ್ವ ಆಫ್ರಿಕಾದ ಬಹಳಷ್ಟು ದಂತ ಹಡಗು ಹತ್ತಿ ಮುಂಬಯಿಗೆ ಬಂದು, ಅಲ್ಲಿಂದ ದೇಶವಿದೇಶಗಳಿಗೆ ಹೋಗುತ್ತಿತ್ತು. ಆ ಪೆಟ್ಟಿಗೆಯ ಆನೆ ಎಲ್ಲಿಯ ಆನೆಯ ದಂತವೋ ಹೇಳುವವರಾರು!

ಉದ್ಯಾನದ ಮೇಲೆಯೇ ಎತ್ತರವಾದ ಕಾಂಕ್ರೀಟು ಕಂಬಗಳ ಸಾಲು ಹಾದುಹೋಗಿದೆ. ಅದು ೨೦೧೯ರಲ್ಲಿ ಪ್ರಾರಂಭವಾದ ಹೊಸ ರೈಲುದಾರಿ. ಜಿರಾಫೆ ತಲೆತಗ್ಗಿಸದೆ ಕೆಳಗೆ ನಡೆದುಹೋಗುವಷ್ಟು ಎತ್ತರ. ಇದನ್ನು ಕಟ್ಟಬಾರದೆಂದು ಅಲ್ಲಿಯ ಜನ ನ್ಯಾಯಾಲಯಕ್ಕೂ ಹೋಗಿದ್ದರು, ಆದರೂ ಕಟ್ಟಿದರು. ರೈಲಿನ ವಿಷಯ ಬಂದಾಗ ನಮ್ಮವರ ಮಾತನ್ನೂ ಹೇಳಬೇಕು. ನೈರೋಬಿ ಹುಟ್ಟಿದ್ದೇ ೧೮೯೯ರಲ್ಲಿ, ಮೊಂಬಾಸಾದಿಂದ ಒಳನಾಡಿಗೆ ಹಾಕುತ್ತಿದ್ದ ರೈಲಿನ ಸಾಮಾನು ಕೂಡಿಡುವ ಠಾಣೆಯಾಗಿ. ಆ ಕಂಬಿಗಳನ್ನು ಹಾಸಲು ಹಿಂದೂಸ್ಥಾನದಿಂದ ಸುಮಾರು ೩೨,೦೦೦ ಕೂಲಿಗಳನ್ನು, ಬಹುಮಟ್ಟಿಗೆ ಪಂಜಾಬಿನವರನ್ನು, ಕರೆತಂದರು. ಸುಮಾರು ೨,೫೦೦ ಮಂದಿ ಅಲ್ಲಿಯೇ ತೀರಿಕೊಂಡರು. ೧೮೯೮ರಲ್ಲಿ ತ್ಸಾವೋ ಎಂಬಲ್ಲಿ ಎರಡು ಸಿಂಹಗಳು ತಿಂಗಳುಗಟ್ಟಲೆ ಅವರ ಗುಡಾರಗಳಿಗೆ ನುಗ್ಗಿ ಜನರನ್ನು ಎಳೆದೊಯ್ದವು. ಆ ಸಿಂಹಗಳನ್ನು ಕೊಂದ ಪ್ಯಾಟರ್ಸನ್ ಸಾಹೇಬನ ಹೆಸರು ಜಗತ್ತಿಗೆಲ್ಲ ಗೊತ್ತು. ಸಿಂಹಗಳ ಚರ್ಮವೂ ಶಿಕಾಗೋದ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಹೋದ ಕೂಲಿಗಳ ಹೆಸರುಗಳನ್ನು ಬಲ್ಲವರು ವಿರಳ.

ಇನ್ನು ನಮ್ಮ ಸಿಂಹಿಣಿ. ರಸ್ತೆಯ ಅಂಚಿಗೆ ನಾಲ್ಕು ವ್ಯಾನುಗಳು ನಿಂತಿದ್ದುದೇ ಅದರ ವಿಳಾಸ. ಹದಿನೈದು ಅಡಿ ದೂರದಲ್ಲಿ ಹುಲ್ಲಿನ ಮೇಲೆ ಒರಗಿತ್ತು. ಮಗಳು ಉಸಿರು ಬಿಗಿಹಿಡಿದು ನಮ್ಮ ತೋಳನ್ನು ಹಿಡಿದಿದ್ದಳು. ಕ್ಯಾಮರಾಗಳ ಕಡೆಗೆ ಅದು ಒಮ್ಮೆಯೂ ನೋಡಲಿಲ್ಲ. ದಕ್ಷಿಣಕ್ಕೆ ಮುಖಮಾಡಿ ಕಣ್ಣನ್ನು ಕಿರಿದು ಮಾಡಿಕೊಂಡಿತ್ತು. "ಅಲ್ಲಿ ಏನನ್ನು ನೋಡುತ್ತಿದೆ?" ಎಂದು ಕೇಳಿದೆವು. "ನಮ್ಮ ಊರನ್ನು" ಎಂದ ಚಾಲಕ.

ಮೂರು ಕಡೆ ಉದ್ಯಾನಕ್ಕೆ ತಂತಿಬೇಲಿಯಿದೆ. ದಕ್ಷಿಣಕ್ಕೆ ಮಾತ್ರ ಇಲ್ಲ. ಅಲ್ಲಿ ಂಬಗಾತಿ ಎಂಬ ಸಣ್ಣ ಹೊಳೆಯೇ ಎಲ್ಲೆ. ಅದನ್ನು ಬೇಕೆಂದೇ ತೆರೆದಿಟ್ಟಿದ್ದಾರೆ. ಬೇಸಗೆಯಲ್ಲಿ ನೀರಿಗಾಗಿ ಝೀಬ್ರಾ, ವೈಲ್ಡ್‌ಬೀಸ್ಟ್ ಮುಂತಾದವು ಉದ್ಯಾನದ ಕೆರೆಗಳ ಬಳಿ ಸೇರುತ್ತವೆ. ಮಳೆ ಬಿದ್ದೊಡನೆ ಹೊಳೆ ದಾಟಿ ದಕ್ಷಿಣದ ಹುಲ್ಲುಗಾವಲಿಗೆ ಹೋಗುತ್ತವೆ. ೧೧೭ ಚದರ ಕಿಲೋಮೀಟರು ಅವುಗಳ ಮನೆಯ ಒಂದು ಕೋಣೆ ಮಾತ್ರ, ಅಂಗಳವೆಲ್ಲ ಆಚೆಗಿದೆ. ಆ ಅಂಗಳ ಮಸಾಯಿಗಳ ಸ್ವಂತ ಜಮೀನು. ಹಿಂದೆ ಅವರೆಲ್ಲರೂ ಒಟ್ಟಾಗಿ ಅನುಭವಿಸುತ್ತಿದ್ದ ಗೋಮಾಳ ೧೯೮೦ರ ದಶಕದಿಂದೀಚೆಗೆ ಮನೆಮನೆಗೆ ಹಂಚಿಹೋಗಿ, ಒಬ್ಬೊಬ್ಬರ ಹೆಸರಿಗೆ ಖಾತೆಯಾಯಿತು. ನೈರೋಬಿ ಬೆಳೆಯಿತು, ಬೆಲೆ ಏರಿತು. ಮಾರಿದರು. ಕೊಂಡವರು ಬೇಲಿ ಹಾಕಿದರು. ಇಂದು ಕಿಟೆಂಗೆಲಾ ದೊಡ್ಡ ಪಟ್ಟಣ. ವೈಲ್ಡ್‌ಬೀಸ್ಟ್‌ಗಳು ಒಂದು ಕಾಲದಲ್ಲಿ ಸಾವಿರಗಟ್ಟಲೆ ಬರುತ್ತಿದ್ದವಂತೆ. ಆ ಬೆಳಿಗ್ಗೆ ನಮಗೆ ಕಂಡವು ಎಂಟು.

ಹೊಳೆ ದಾಟಿದ ಹಿಂಡಿನ ಹಿಂದೆ ಸಿಂಹವೂ ದಾಟುತ್ತದೆ. ಆಚೆ ಸಿಕ್ಕುವುದು ಝೀಬ್ರಾ ಮಾತ್ರವಲ್ಲ. ದೊಡ್ಡಿಯಲ್ಲಿ ಕಟ್ಟಿದ ಹಸು, ಕುರಿ. ೨೦೧೨ರ ಜೂನಿನಲ್ಲಿ ಕಿಟೆಂಗೆಲಾ ಕಡೆಯ ಜನ ತಮ್ಮ ಜಾನುವಾರುಗಳನ್ನು ಕೊಂದ ಸಿಂಹಗಳನ್ನು ಬೆಳಗಾಗುವುದರೊಳಗೆ ಸುತ್ತುವರಿದು ಆರನ್ನು ಕೊಂದರು. ೨೦೨೫ರ ಏಪ್ರಿಲಿನಲ್ಲಿ ಉದ್ಯಾನದ ದಕ್ಷಿಣದ ಅಂಚಿನಲ್ಲಿ ಹದಿನಾಲ್ಕು ವರ್ಷದ ಬಾಲಕಿಯೊಬ್ಬಳನ್ನು ಸಿಂಹ ಎಳೆದೊಯ್ದಿತು. ಇದನ್ನು ಹೇಳುವಾಗ ಚಾಲಕ ದನಿಯನ್ನು ತಗ್ಗಿಸಿದ. ನಮ್ಮ ಮಗಳ ಕಡೆ ಒಮ್ಮೆ ನೋಡಿ ಮಾತನ್ನು ಇಂಗ್ಲಿಷಿನಿಂದ ಅರೆಬರೆ ಹಿಂದಿಗೆ ತಿರುಗಿಸಿದ. ಪಾಪ, ಆಕೆಗೆ ಹಿಂದೀ ಅವನಿಗಿಂತ ಚೆನ್ನಾಗಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಅವನ ಸ್ವಂತ ಅಣ್ಣನ ದೊಡ್ಡಿಯಿಂದ ಒಂದೇ ರಾತ್ರಿ ಒಂಬತ್ತು ಕುರಿ ಹೋದವು. ಅವನು ಹೇಳಿದ್ದರ ಸಾರಾಂಶವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಸಿಂಹ ಸರಕಾರದ್ದು, ಕುರಿ ನಮ್ಮದು. ಸಿಂಹವನ್ನು ತೋರಿಸಿ ನಾನು ಹೊಟ್ಟೆ ಹೊರೆಯುತ್ತೇನೆ. ಅದೇ ಸಿಂಹದಿಂದ ನನ್ನ ಅಣ್ಣನ ಹೊಟ್ಟೆ ಉರಿಯುತ್ತದೆ. ಅವನು ತನ್ನ ಪಾಲನ್ನು ಮಾರುತ್ತೇನೆನ್ನುತ್ತಾನೆ, ನಾನು ಬೇಡವೆನ್ನುತ್ತೇನೆ. ಈ ಮಾತಿನಿಂದ ನಾವಿಬ್ಬರೂ ಒಟ್ಟಿಗೆ ಕುಳಿತು ಉಂಡು ಆರು ತಿಂಗಳಾಯಿತು."

ಒಡನೆಯೇ ಶ್ರೀಮತಿ ತಮ್ಮನನ್ನು ತಿವಿದು, "ಪರಿಹಾರ ಎಷ್ಟು ದಿನಕ್ಕೆ ಬರುತ್ತೆ ಕೇಳೋ" ಎಂದರು. ಅಕ್ಕತಮ್ಮಂದಿರ ಊರು ಸಕಲೇಶಪುರದ ಕಡೆ. ಕಾಡಾನೆ ಗದ್ದೆಗಿಳಿದ ಮಾರನೆಯ ಬೆಳಿಗ್ಗೆ ಹೇಗಿರುತ್ತದೆಂಬುದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಪ್ರಶ್ನೆಯನ್ನು ಕೇಳಿ ಚಾಲಕ ಜೋರಾಗಿ ನಕ್ಕುಬಿಟ್ಟ. ೨೦೧೩ರ ವನ್ಯಜೀವಿ ಕಾನೂನಿನಲ್ಲಿ ಪರಿಹಾರಕ್ಕೆ ಅವಕಾಶವಿದೆ. ಮನುಷ್ಯನ ಪ್ರಾಣಕ್ಕೆ ೫೦ ಲಕ್ಷ ಶಿಲಿಂಗೆಂದು ಬರೆದಿದೆ. ಕಾಗದ ಮೇಜಿನಿಂದ ಮೇಜಿಗೆ ಹೋಗುತ್ತದೆ. ಕಡತಗಳ ನಡುವೆಯೇ ಬದುಕುವ ನಾವು ಆ ನಗುವಿಗೆ ಏನೂ ಹೇಳಲಿಲ್ಲ. ಮೇಜಿನ ಈಚೆಗೆ ಅದು ಒಂದು ಸಂಖ್ಯೆ. ಆಚೆಗೆ ಒಂಬತ್ತು ಕುರಿ.

ಉಪಾಯಗಳಿಲ್ಲವೆಂದಲ್ಲ. ೨೦೦೦ದಲ್ಲಿ ಒಂದು ಯೋಜನೆ ಪ್ರಾರಂಭವಾಯಿತು: ಬೇಲಿ ಹಾಕದೆ, ಮಾರದೆ ಜಮೀನನ್ನು ತೆರೆದಿಟ್ಟ ಮಸಾಯಿಗೆ ಎಕರೆಗೆ ವರ್ಷಕ್ಕೆ ೪ ಡಾಲರು, ಅದೂ ಮಕ್ಕಳ ಶಾಲೆಯ ಶುಲ್ಕ ಕಟ್ಟುವ ಸಮಯಕ್ಕೆ ಸರಿಯಾಗಿ ಕಂತುಗಳಲ್ಲಿ. ಬಹಳ ಬುದ್ಧಿವಂತಿಕೆಯ ಏರ್ಪಾಡು. ಆದರೆ ನಿವೇಶನ ಮಾಡಿ ಮಾರಿದರೆ ಬರುವ ಹಣದ ಮುಂದೆ ನಾಲ್ಕು ಡಾಲರು ಎಷ್ಟು ಕಾಲ ನಿಂತೀತು! ಇದಕ್ಕಿಂತ ಹೆಚ್ಚು ಮೆಚ್ಚಬೇಕಾದದ್ದು ಹನ್ನೊಂದು ವರ್ಷದ ಒಬ್ಬ ಮಸಾಯಿ ಹುಡುಗನ ಉಪಾಯ. ರಿಚರ್ಡ್ ತುರೇರೆ ಎಂದು ಅವನ ಹೆಸರು. ತಂದೆಯ ದನ ಕಾಯುವ ಹೊಣೆ ಅವನದು. ಬೆಂಕಿ ಹಾಕಿ ನೋಡಿದ, ಬೆದರುಬೊಂಬೆ ನಿಲ್ಲಿಸಿ ನೋಡಿದ, ಸಿಂಹ ಮಣಿಯಲಿಲ್ಲ. ಯಾರಾದರೂ ಟಾರ್ಚು ಹಿಡಿದು ಓಡಾಡುತ್ತಿದ್ದರೆ ಮಾತ್ರ ಅದು ಹತ್ತಿರ ಬರುವುದಿಲ್ಲವೆಂಬುದನ್ನು ಗಮನಿಸಿದ. ಹಳೆಯ ಕಾರಿನ ಬ್ಯಾಟರಿ, ಸೌರಫಲಕ, ಮೋಟಾರುಸೈಕಲ್ಲಿನ ಇಂಡಿಕೇಟರು, ಕೆಟ್ಟ ಟಾರ್ಚಿನ ಬಲ್ಬು, ಇವಿಷ್ಟನ್ನು ಜೋಡಿಸಿ ದೊಡ್ಡಿಯ ಸುತ್ತ ದೀಪಗಳು ಒಂದಾದ ಮೇಲೊಂದು ಮಿನುಗುವಂತೆ ಮಾಡಿದ. ಮನುಷ್ಯ ನಡೆದಾಡುತ್ತಿದ್ದಾನೆಂದು ಸಿಂಹ ದೂರ ಸರಿಯಿತು. ೨೦೧೩ರಲ್ಲಿ ಅವನನ್ನು ಅಮೆರಿಕಕ್ಕೆ ಕರೆಸಿ ಭಾಷಣ ಮಾಡಿಸಿದರು. ನಮ್ಮ ಚಾಲಕನ ಅಣ್ಣನ ದೊಡ್ಡಿಗೂ ಈಗ ಅಂಥ ದೀಪಗಳಿವೆ. "ಸಿಂಹ ಬರುವುದು ಕಡಮೆಯಾಗಿದೆ, ಜಮೀನು ಕೊಳ್ಳುವವರು ಬರುವುದು ಕಡಮೆಯಾಗಿಲ್ಲ" ಎಂದ ಆತ.

ಬೋರಿವಲಿಯಲ್ಲಿ ನಮ್ಮ ಕಟ್ಟಡದವರು, ಉದ್ಯಾನ ಪಕ್ಕದಲ್ಲಿದೆಯೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಗಾಳಿ ಒಳ್ಳೆಯದು, ಫ್ಲ್ಯಾಟಿಗೆ ಬೆಲೆಯೂ ಒಳ್ಳೆಯದು. ೨೦೦೪ರಲ್ಲಿ ಚಿರತೆಗಳು ಒಂದರ ಮೇಲೊಂದು ಸಾವುಗಳಿಗೆ ಕಾರಣವಾದಾಗಲೂ, ೨೦೨೨ರ ದೀಪಾವಳಿಯ ಬೆಳಿಗ್ಗೆ ಆರೆ ಕಾಲನಿಯಲ್ಲಿ ಒಂದು ಎಳೆಯ ಮಗು ಹೋದಾಗಲೂ, ನಾಲ್ಕನೆಯ ಮಹಡಿಯ ನಾವು ಪತ್ರಿಕೆಯಲ್ಲಿ ಓದಿದವರು. ಚಿರತೆಯ ಜೊತೆ ಬದುಕುವವರು ಕಾಡಿನಂಚಿನ ಪಾಡಾಗಳ ಆದಿವಾಸಿಗಳು, ಗುಡಿಸಲುಗಳವರು. ನೈರೋಬಿಯಲ್ಲಿಯೂ ಲೆಕ್ಕ ಅದೇ: ಬೇಲಿಯಿರುವ ಮೂರು ದಿಕ್ಕಿಗೆ ನಗರದವರು, ಬೇಲಿಯಿಲ್ಲದ ದಿಕ್ಕಿಗೆ ಮಸಾಯಿಗಳು. ದಕ್ಷಿಣಕ್ಕೂ ಬೇಲಿ ಹಾಕಿಬಿಡಬೇಕೆಂಬ ಮಾತು ಅಲ್ಲಿ ಆಗಾಗ ಏಳುತ್ತದೆ. ಹಾಕಿದರೆ ಕುರಿ ಉಳಿಯುತ್ತದೆ, ಮಕ್ಕಳೂ ಉಳಿಯುತ್ತಾರೆ. ಉದ್ಯಾನ ದೊಡ್ಡದೊಂದು ಮೃಗಾಲಯವಾಗುತ್ತದೆ. ಬೇಡವೆನ್ನಲು ನಮಗೆ ನಾಲಗೆ ಬರಲಿಲ್ಲ, ಆಗಲೆನ್ನಲೂ ಬರಲಿಲ್ಲ.

ಹೊತ್ತು ಏರುತ್ತಿತ್ತು. ಹಸಿವಾಯಿತೆಂದು ಮಗಳು ಗುರುಗುಟ್ಟಿದಳು. ಕೆಳಗಿಳಿದು ತಿನ್ನಲು ಅನುಮತಿಯಿರುವ ಜಾಗದಲ್ಲಿ ಅವಲಕ್ಕಿಯ ಡಬ್ಬಿ ತೆರೆದೆವು. ಬಬೂನುಗಳ ಕಾಟಕ್ಕೆ ಒಬ್ಬರು ಕಾವಲು ನಿಂತು ಉಳಿದವರು ತಿನ್ನಬೇಕು. ಚಾಲಕನಿಗೂ ಬಡಿಸಿದೆವು. ಹಸಿಮೆಣಸಿನಕಾಯಿ ಸಿಕ್ಕಿದಾಗ ಅವನು ನೀರು ಕೇಳಲಿಲ್ಲ, ಎರಡನೆಯ ಸಲ ಅವಲಕ್ಕಿ ಕೇಳಿದ.

ಮರಳುವ ಮುನ್ನ ಅವನಾಗಿಯೇ ಗಾಡಿಯನ್ನು ಹೊಳೆಯ ಮೇಲಣ ದಿಣ್ಣೆಗೆ ಒಯ್ದು ನಿಲ್ಲಿಸಿದ. ಕೆಳಗೆ ಂಬಗಾತಿ, ನಮ್ಮೂರ ಕಾಲುವೆಯಷ್ಟು ನೀರು. ಎದುರು ದಂಡೆಯಲ್ಲಿ ತಗಡಿನ ಮನೆಗಳು, ಒಣಹಾಕಿದ ಬಟ್ಟೆ, ಅರ್ಧ ಎದ್ದ ಒಂದು ಕಟ್ಟಡ, ಹೊಸದಾಗಿ ನೆಟ್ಟ ಕಂಬಗಳಿಗೆ ಹೊಳೆಯುವ ಮುಳ್ಳುತಂತಿ. ಎರಡು ಬೇಲಿಗಳ ನಡುವೆ ಒಂದು ನಿವೇಶನದಷ್ಟು ಅಗಲ ಜಾಗ ಇನ್ನೂ ಖಾಲಿಯಿತ್ತು. ಮೂಲೆಯಲ್ಲಿ 'ಮಾರಾಟಕ್ಕಿದೆ' ಎಂಬ ಹಲಗೆ. ಝೀಬ್ರಾಗಳು ಹೊಳೆ ದಾಟಿ ಬಂದು ಆ ಸಂದಿಯ ಬಾಯಿಯಲ್ಲಿ ನಿಂತವು. ಮುಂದಿನದು ಕಿವಿ ನಿಮಿರಿಸಿ ಬಹಳ ಹೊತ್ತು ನೋಡಿತು, ಹಲಗೆಯನ್ನು ಮೂಸಿತು, ಆಮೇಲೆ ಒಳಹೊಕ್ಕಿತು. ಮಗಳು ಬೆರಳು ಮಡಿಸಿ ಎಣಿಸುತ್ತಿದ್ದಳು. ಹನ್ನೊಂದು ದಾಟಿದವು. ಕೊನೆಯದೊಂದು ಮರಿ ಈಚೆಯೇ ಉಳಿದಿತ್ತು. ಚಾಲಕ ಕೀಲಿಗೆ ಕೈಹಾಕಿದವನು ತೆಗೆದುಬಿಟ್ಟು, "ಇರಿ, ಅದೂ ಹೋಗಲಿ" ಎಂದ. ನಾವು ಕಾದೆವು, ಅದೂ ಹೋಯಿತು.